ಗಾಳಿಯಲ್ಲಿಲ್ಲದ ಸ್ಟೇಷನ್

ಬೆಂಗಳೂರಿನಲ್ಲಿ ಆಕಾಶವಾಣಿಯ ಎಫ್‌ಎಂ ಗೋಪುರದ ಆಸುಪಾಸಿನಲ್ಲಿ ಮನೆಯಿದ್ದರೆ, ಅಗ್ಗದ ರೇಡಿಯೊ ಒಂದರ ಆಂಟೆನಾವನ್ನು ಪೂರ್ತಿ ಎಳೆದು 99.7 ಮೆಗಾಹರ್ಟ್ಸ್‌ಗೆ ತಿರುಗಿಸಿ ನೋಡಿ. ಎಫ್‌ಎಂ ಕಾಮನಬಿಲ್ಲು ಸ್ಟೇಷನ್ನಿನ ಮಾತು ವಿವಿಧ ಭಾರತಿಯ ಹಾಡಿನ ಜೊತೆ ಕಲಸಿಕೊಂಡು ಗೊರಗೊರ ಕೇಳಿಸಬಹುದು. ಅವುಗಳ ಜಾಗ 101.3 ಮತ್ತು 102.9. ಮೊದಲನೆಯದನ್ನು ಇಮ್ಮಡಿಸಿ ಎರಡನೆಯದನ್ನು ಕಳೆದರೆ 99.7 ಬರುತ್ತದೆ, ಅದಲುಬದಲು ಮಾಡಿದರೆ 104.5. ಈ ಸ್ಟೇಷನ್ ಗಾಳಿಯಲ್ಲಿಲ್ಲ, ನಿಮ್ಮ ರೇಡಿಯೊದ ಒಳಗೇ ಹುಟ್ಟಿದೆ.

ಇದೇ ಇಂಟರ್‌ಮಾಡ್ಯುಲೇಶನ್. ಎರಡೂ ಆವರ್ತನಗಳನ್ನು ಕೂಡಿಸಿದರೆ 204.2, ಕಳೆದರೆ 1.6. ಅವು ದೂರ ಹೋಗಿ ಬೀಳುವುದರಿಂದ ಫಿಲ್ಟರ್ ತಡೆಯುತ್ತದೆ. 99.7, 104.5ರಂತೆ ಪಕ್ಕದಲ್ಲೇ ಬಂದು ಕೂರುವ ಮೂರನೇ ದರ್ಜೆಯದಕ್ಕೆ ಫಿಲ್ಟರಿನ ಭಯವಿಲ್ಲ.

ಅಳೆಯುವ ವಿಧಾನ ಕಾಗದದ ಮೇಲೆ ಸಲೀಸು. ಆಂಪ್ಲಿಫೈಯರಿಗೆ 145.0 ಮತ್ತು 145.1 ಮೆಗಾಹರ್ಟ್ಸ್‌ನ ಎರಡು ಸಿಗ್ನಲ್ ಕೊಟ್ಟು, ಸ್ಪೆಕ್ಟ್ರಮ್ ಅನಲೈಜರಿನಲ್ಲಿ 144.9 ಮತ್ತು 145.2ರ ಎತ್ತರ ನೋಡಿದರೆ ಮುಗಿಯಿತು. ಮೇಜಿನ ಮೇಲೆ ಮಾತ್ರ ಯಾರನ್ನೂ ನಂಬುವಂತಿಲ್ಲ. ಒಂದು ಜನರೇಟರಿನ ಶಕ್ತಿ ಇನ್ನೊಂದರ ಔಟ್‌ಪುಟ್‌ಗೆ ನುಗ್ಗಿ ಅಲ್ಲೇ ವಿಕೃತಿ ಎಬ್ಬಿಸುತ್ತದೆ. ಹಾಗಾಗಿ ಎರಡಕ್ಕೂ ಅಟೆನ್ಯುಯೇಟರ್ ಹಾಕಿ, ಹೈಬ್ರಿಡ್ ಕಂಬೈನರ್‌ ಮೂಲಕ ಸೇರಿಸಬೇಕು. ಅನಲೈಜರಿನ ಮಿಕ್ಸರ್ ಕೂಡ ಸಾಚಾ ಅಲ್ಲ. ಅದರ ಮುಂದೆ 10 ಡೆಸಿಬೆಲ್ ಅಟೆನ್ಯುಯೇಟರ್ ಸಿಕ್ಕಿಸಿ. ಕಳ್ಳ ಸಿಗ್ನಲ್ಲೂ 10 ಇಳಿದರೆ ಅದು ಆಂಪ್ಲಿಫೈಯರಿನದು. 30ರಷ್ಟು ಕುಸಿದರೆ ಅಷ್ಟು ಹೊತ್ತೂ ನೀವು ಅಳೆದದ್ದು ಅನಲೈಜರನ್ನೇ! ಈ ಒಂದು ಪರೀಕ್ಷೆ ಮಾಡದೆ ಕೊಟ್ಟ ಅಂಕಿಯನ್ನು ನಾನಂತೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್‌ಪುಟ್ 1 ಡೆಸಿಬೆಲ್ ಏರಿದರೆ ಕಳ್ಳ ಸಿಗ್ನಲ್ 3 ಏರುತ್ತದೆ. ಅಸಲಿ ಸಿಗ್ನಲ್ ಮತ್ತು ಕಳ್ಳ ಸಿಗ್ನಲ್ ಏರುವ ಗೆರೆಗಳನ್ನು ಮುಂದಕ್ಕೆ ಎಳೆದಾಗ ಅವು ಕೂಡುವ ಜಾಗವೇ ಡೇಟಾಶೀಟುಗಳು ಮೆರೆಸುವ ಐಪಿ3. ಆಂಪ್ಲಿಫೈಯರ್ ಅಲ್ಲಿಗೆ ತಲುಪುವುದೇ ಇಲ್ಲ, ಅದಕ್ಕೆ ಎಷ್ಟೋ ಮೊದಲೇ ಉಸಿರು ಕಟ್ಟುತ್ತದೆ. ರಿಸೀವರ್ ಕೊಳ್ಳುವವರು ಐಪಿ3 ಎಷ್ಟು ಎನ್ನುವುದಕ್ಕಿಂತ ಮೊದಲು ಎರಡು ಸಿಗ್ನಲ್‌ಗಳ ನಡುವೆ ಎಷ್ಟು ಅಂತರವಿಟ್ಟು ಅಳೆದಿರಿ ಎಂದು ಕೇಳಬೇಕು. ಅಮೆರಿಕದ ಹ್ಯಾಮ್ ರೇಡಿಯೊ ತಜ್ಞ ರಾಬ್ ಶೆರ್ವುಡ್ 1977ರಲ್ಲೇ ಎತ್ತಿದ ತಕರಾರು ಇದು: 20 ಕಿಲೋಹರ್ಟ್ಸ್ ಅಂತರದಲ್ಲಿ ಮಿಂಚುವ ರಿಸೀವರ್ 2 ಕಿಲೋಹರ್ಟ್ಸ್‌ನಲ್ಲಿ ಮುಗ್ಗರಿಸಬಹುದು. ಅಷ್ಟು ಹತ್ತಿರದ ಸಿಗ್ನಲ್‌ಗಳೆರಡೂ ಮೊದಲ ಫಿಲ್ಟರ್ ದಾಟಿ ಒಳಗೇ ಬಂದುಬಿಡುತ್ತವೆ.

ಟ್ರಾನ್ಸಿಸ್ಟರೇ ಇಲ್ಲದ ಕಡೆಯೂ, ಸಡಿಲ ಅಥವಾ ಕೊಳೆ ಹಿಡಿದ ಲೋಹದ ಜೋಡಣೆಯಲ್ಲೂ, ಈ ಪಿಡುಗು ತಪ್ಪಿದ್ದಲ್ಲ. ಮೊಬೈಲ್ ಟವರಿನಿಂದ ಹೊರಡುವ 935 ಮತ್ತು 960 ಮೆಗಾಹರ್ಟ್ಸ್ ಹೀಗೆಯೇ ಕಲಸಿ 910 ಹುಟ್ಟಿಸಿದರೆ ಅದು ಫೋನುಗಳು ಟವರಿಗೆ ಮಾತಾಡುವ ಹಾದಿಗೇ ಅಡ್ಡ ಬೀಳುತ್ತದೆ. ಆದ್ದರಿಂದ ಕೇಬಲ್, ಕನೆಕ್ಟರ್‌ಗಳಿಗೂ ತಲಾ 20 ವ್ಯಾಟಿನ ಎರಡು ಸಿಗ್ನಲ್ ಹರಿಸಿ ಅಳೆಯುತ್ತಾರೆ. ವಿಕೃತಿ ಹರಿಸಿದ ಸಿಗ್ನಲ್ಲಿಗಿಂತ 153 ಡೆಸಿಬೆಲ್‌ನಷ್ಟು ಕೆಳಗಿರಬೇಕೆಂಬುದು ಚಾಲ್ತಿಯಲ್ಲಿರುವ ಒಂದು ಅಳತೆಗೋಲು. ಪರೀಕ್ಷೆ ನಡೆಯುತ್ತಿರುವಾಗಲೇ ತಂತ್ರಜ್ಞ ಸಣ್ಣ ಕೋಲಿನಿಂದ ಒಂದೊಂದೇ ಕನೆಕ್ಟರನ್ನು ತಟ್ಟುತ್ತ ಹೋಗುತ್ತಾನೆ. ಎಲ್ಲಿ ತಟ್ಟಿದಾಗ ಅಂಕಿ ಜಿಗಿಯಿತೋ ಅದನ್ನು ಬಿಚ್ಚಿ, ಲೋಹದ ಚೂರು, ಕೊಳೆ ಒರೆಸಿ, ಟಾರ್ಕ್ ಸ್ಪ್ಯಾನರಿನಲ್ಲಿ ಮತ್ತೆ ಬಿಗಿಯುತ್ತಾನೆ. ಅಷ್ಟಾದರೂ ಅಂಕಿ ಇಳಿಯದಿದ್ದರೆ ಆಂಟೆನಾದ ಎದುರು ತುಕ್ಕು ಹಿಡಿದ ಬೋಲ್ಟೋ ತಗಡಿನ ಚಾವಣಿಯೋ ಇದೆಯೇ ಎಂದು ಹುಡುಕುತ್ತಾನೆ.