ನಾಟಕದ ಹ್ಯಾಂಡ್‌ಬಿಲ್ಲಿನ ಕೆಳಗಿನ ಸಾಲುಗಳು: ಯಲವಿಗಿ ಪರಿಸರದ ಆಟದ ಪತ್ರಗಳು ಹಾಗೂ ಸಂಗ್ರಹದ ಪ್ರಶ್ನೆ

ಕನ್ನಡ ವೃತ್ತಿರಂಗಭೂಮಿಯ ಚರಿತ್ರೆಯನ್ನು ವಿದ್ವಾಂಸರು ಬಹುಮಟ್ಟಿಗೆ ಮೂರು ಆಕರಗಳಿಂದ ಕಟ್ಟಿದ್ದಾರೆ: ಅಚ್ಚಾದ ನಾಟಕಗಳು, ಪತ್ರಿಕೆಗಳ ವರದಿಗಳು, ಕಲಾವಿದರ ಆತ್ಮಕಥನಗಳು. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’, ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ಯಂತಹ ಕೃತಿಗಳಿಲ್ಲದೆ ಆ ಚರಿತ್ರೆ ಬಹಳ ಬಡವಾಗುತ್ತಿತ್ತು. ಆದರೆ ಈ ಮೂರೂ ಆಕರಗಳು ಹೆಸರಾದವರ ಆಕರಗಳು. ಊರ ಜಾತ್ರೆಯಲ್ಲಿ ಒಂದು ರಾತ್ರಿ ಆಡಿ ಮುಗಿದ ಆಟಕ್ಕೆ, ಅದರಲ್ಲಿ ಪಾತ್ರ ವಹಿಸಿದ ರೈತನಿಗೆ, ಗದುಗಿನಿಂದಲೋ ಹುಬ್ಬಳ್ಳಿಯಿಂದಲೋ ಕರೆತಂದ ನಟಿಗೆ, ಪೇಟಿ ನುಡಿಸಿದ ಮಾಸ್ತರನಿಗೆ ಉಳಿದಿರುವ ಮುದ್ರಿತ ದಾಖಲೆ ಹೆಚ್ಚಾಗಿ ಒಂದೇ: ಆಟದ ಹ್ಯಾಂಡ್‌ಬಿಲ್. ಹಳೆಯ ಹ್ಯಾಂಡ್‌ಬಿಲ್ಲುಗಳು, ಹಾಡಿನ ಪುಸ್ತಕಗಳು, ಸಂಗೀತ ಸಭೆಗಳ ಕಾರ್ಯಕ್ರಮ ಪತ್ರಗಳು ಇವುಗಳ ಸಂಗ್ರಹದಲ್ಲಿ ಈಚೆಗೆ ಆಸಕ್ತಿ ಬೆಳೆದಿದೆ. ಈ ಆಸಕ್ತಿ ಸ್ವಾಗತಾರ್ಹವಾದರೂ ಅದರ ಹಿಂದಿನ ಮಾನದಂಡಗಳನ್ನು ಪರೀಕ್ಷಿಸಬೇಕಾಗಿದೆ. ಯಲವಿಗಿಯ ಸುತ್ತಲಿನ ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಪರಿಸರವನ್ನು ಮುಂದಿಟ್ಟುಕೊಂಡು ಆ ಪರೀಕ್ಷೆಯನ್ನು ನಡೆಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರೈಲುದಾರಿಯ ರಂಗಭೂಮಿ

ಸವಣೂರು ತಾಲ್ಲೂಕಿನ ಯಲವಿಗಿ ಹುಬ್ಬಳ್ಳಿ–ಹಾವೇರಿ ರೈಲುಮಾರ್ಗದ ಒಂದು ನಿಲ್ದಾಣ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಮರಾಠಾ ರೈಲ್ವೆ ಹಾಕಿದ ಈ ಮಾರ್ಗ ಹತ್ತಿ, ಮೆಣಸಿನಕಾಯಿಗಳ ಜೊತೆಗೆ ಪರದೆ, ಪೆಟ್ಟಿಗೆ, ವೇಷಭೂಷಣಗಳನ್ನೂ ಸಾಗಿಸಿತು. ಕಂಪನಿ ನಾಟಕದ ಭಾರವಾದ ಸೀನರಿಯನ್ನು ಚಕ್ಕಡಿಯಲ್ಲಿ ದೂರ ಒಯ್ಯುವುದು ಕಷ್ಟಸಾಧ್ಯ. ನಿಲ್ದಾಣವಿದ್ದ ಊರು ಸಹಜವಾಗಿ ಮೊಕ್ಕಾಮಿಗೆ ಹತ್ತಿರವಾಗುತ್ತಿತ್ತು. ಇದೇ ಮಾರ್ಗದಲ್ಲಿ ಯಲವಿಗಿಗೆ ಉತ್ತರದಲ್ಲಿರುವ ಕುಂದಗೋಳ ಸವಾಯಿ ಗಂಧರ್ವರ (1886–1952) ಊರು. ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ ಬಂದ ಅವರಲ್ಲಿ ಸಂಗೀತ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿಯೇ ಬಂದು ಹೋಗುತ್ತಿದ್ದರು.

ನಮ್ಮ ಪರಿಸರದ ಕೊಡುಗೆ ಇಷ್ಟಕ್ಕೇ ನಿಲ್ಲುವುದಿಲ್ಲ. ಮರಾಠಿ ಮಂಡಳಿಗಳ ಪ್ರಾಬಲ್ಯದ ಕಾಲದಲ್ಲಿ, 1870ರ ದಶಕದಲ್ಲಿ, ಗದುಗಿನಲ್ಲಿ ಕೃತಪುರ ನಾಟಕ ಮಂಡಳಿಯ ಮೂಲಕ ಕನ್ನಡ ನಾಟಕವನ್ನು ನಿಲ್ಲಿಸಿದ ಶಾಂತಕವಿಗಳು (ಸಕ್ಕರಿ ಬಾಳಾಚಾರ್ಯರು, 1856–1920) ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ ಹುಟ್ಟಿದವರು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಾನಗಲ್ಲು ತಾಲ್ಲೂಕಿನವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ, ಅನಾಥ ವಿದ್ಯಾರ್ಥಿಗಳ ದಾಸೋಹಕ್ಕೆ ನಾಟ್ಯಸಂಘದ ಆದಾಯವೂ ಒಂದು ಆಧಾರವಾಗಿತ್ತು. ಹಾನಗಲ್ಲು ತಾಲ್ಲೂಕಿನ ಶೇಷಗಿರಿ ಎಂಬ ಸಣ್ಣ ಗ್ರಾಮ ತನ್ನದೇ ರಂಗಮಂದಿರವನ್ನೂ ಗಜಾನನ ಯುವಕ ಮಂಡಳದ ರಂಗತಂಡವನ್ನೂ ಕಟ್ಟಿಕೊಂಡಿದೆ. ಇಂತಹ ಪ್ರದೇಶದಲ್ಲಿ ನಾಟಕವು ಪಟ್ಟಣದಿಂದ ಬಂದು ಹೋಗುವ ಮನರಂಜನೆ ಮಾತ್ರವಲ್ಲ, ಊರಿನ ವಾರ್ಷಿಕ ಆಚರಣೆಯ ಭಾಗ. ಆದ್ದರಿಂದಲೇ ಅದರ ಮುದ್ರಿತ ಪತ್ರ ಜಾನಪದ ಅಧ್ಯಯನದ ವ್ಯಾಪ್ತಿಗೆ ಸೇರುತ್ತದೆ.

2. ಶಾಸನದಂತಹ ರಚನೆ

ಹ್ಯಾಂಡ್‌ಬಿಲ್ ಜಾಹೀರಾತು ನಿಜ. ಆದರೆ ಅದರ ರಚನೆ ಶಾಸನಪಾಠವನ್ನು ನೆನಪಿಸುವಷ್ಟು ಕ್ರಮಬದ್ಧ. ನೆತ್ತಿಯಲ್ಲಿ ಗ್ರಾಮದೇವತೆಯ ಅಥವಾ ಮಠದ ಸ್ಮರಣೆ. ಅನಂತರ ಸಂದರ್ಭ: ಜಾತ್ರೆ, ರಥೋತ್ಸವ, ಕಾರ್ತಿಕ. ಮುಂದೆ ಮಂಡಳಿಯ ಹೆಸರು. ಉತ್ತರ ಕರ್ನಾಟಕದ ಮಂಡಳಿಗಳ ಹೆಸರಿನಲ್ಲಿ ಮೇಲಿಂದ ಮೇಲೆ ಬರುವ ‘ಕೃಪಾಪೋಷಿತ’ ಎಂಬ ವಿಶೇಷಣ ಗಮನಾರ್ಹ. ದಾವಣಗೆರೆಯ ಚಿಂದೋಡಿ ಮನೆತನದ ಪ್ರಸಿದ್ಧ ಕಂಪನಿಯ ಕೆ.ಬಿ.ಆರ್. ಎಂಬ ಹ್ರಸ್ವನಾಮದ ಹಿಂದೆಯೂ ಗುರು ಕರಿಬಸವರಾಜೇಂದ್ರರ ಹೆಸರಿದೆ. ರಾಜಾಶ್ರಯ ಪಡೆದ ಮೈಸೂರಿನ ನಾಟಕ ಸಭೆಗಳು ಅರಸರ ಹೆಸರನ್ನು ಧರಿಸಿದರೆ, ಇಲ್ಲಿನ ಮಂಡಳಿಗಳು ಗುರುವಿನ ಹೆಸರನ್ನು ಧರಿಸಿದವು. ಆಶ್ರಯದ ಈ ಭೇದವನ್ನು ನಾಟಕದ ಪಠ್ಯ ಹೇಳುವುದಿಲ್ಲ, ಹ್ಯಾಂಡ್‌ಬಿಲ್ಲಿನ ಶಿರೋಭಾಗ ಹೇಳುತ್ತದೆ.

ಆ ಬಳಿಕ ದೊಡ್ಡ ಅಕ್ಷರಗಳಲ್ಲಿ ನಾಟಕದ ಹೆಸರು. ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ (1880) ಹಾಗೂ ‘ಸಂಗೀತ ಸೌಭದ್ರ’ (1882) ಮರಾಠಿಯಲ್ಲಿ ರೂಢಿಗೆ ತಂದ ‘ಸಂಗೀತ’ ಎಂಬ ಪೂರ್ವಪದವನ್ನು ಕನ್ನಡ ಮಂಡಳಿಗಳೂ ಬಳಸಿಕೊಂಡವು. ಕೆಳಗೆ ಪಾತ್ರವರ್ಗ, ಪೇಟಿ ಮತ್ತು ತಬಲಾ ನುಡಿಸುವವರು, ನಾಟಕ ಕಲಿಸಿದ ಮಾಸ್ತರರು, ಸೀನರಿ ಒದಗಿಸಿದವರು. ಅದರ ಕೆಳಗೆ ಖುರ್ಚಿ, ಬಾಕು, ಚಾಪೆ, ನೆಲ ಎಂಬ ದರಗಳ ಶ್ರೇಣಿ, ಹೆಂಗಸರಿಗೆ ಪ್ರತ್ಯೇಕ ಸ್ಥಳದ ಸೂಚನೆ. ಅಂಚಿನಲ್ಲಿ ಅತಿ ಚಿಕ್ಕ ಅಕ್ಷರಗಳಲ್ಲಿ ಮುದ್ರಣಾಲಯದ ಹೆಸರು. ಶಾಸನದ ಕೊನೆಯಲ್ಲಿ ಬರುವ ಕಂಡರಿಸಿದವನ ಹೆಸರಿನಂತೆ ಇದು ಓದುಗನ ಕಣ್ಣಿಗೆ ಬೀಳದಿದ್ದರೂ ಸಂಶೋಧಕನಿಗೆ ಅತ್ಯಗತ್ಯ.

ಮುದ್ರಕನ ಈ ಸಾಲು ಕೇವಲ ರೂಢಿಯಿಂದ ಬಂದದ್ದಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯು ಪ್ರತಿಯೊಂದು ಪುಸ್ತಕ ಹಾಗೂ ಮುದ್ರಿತ ಪತ್ರದ ಮೇಲೆ ಮುದ್ರಕನ ಹೆಸರು ಮತ್ತು ಮುದ್ರಣದ ಸ್ಥಳ ಇರಬೇಕೆಂದು ವಿಧಿಸಿತ್ತು. 2023ರ ಹೊಸ ಕಾಯ್ದೆ ಆ ಸ್ಥಾನಕ್ಕೆ ಬರುವವರೆಗೂ ಅದು ಜಾರಿಯಲ್ಲಿತ್ತು. ಆದರೆ ಸರ್ಕಾರಕ್ಕೆ ಪ್ರತಿ ಸಲ್ಲಿಸಿ ನೋಂದಾಯಿಸುವ ವಿಧಿ ಪುಸ್ತಕಕ್ಕೆ ಅನ್ವಯಿಸಿತು. ಕಿರುಹೊತ್ತಿಗೆಯೂ ಕಾಯ್ದೆಯ ಅರ್ಥದಲ್ಲಿ ಪುಸ್ತಕವೇ ಆದ್ದರಿಂದ ನಾಟಕದ ಹಾಡಿನ ಪುಸ್ತಕಕ್ಕೆ ನೋಂದಣಿಯ ದಾರಿಯಿತ್ತು. ಹಾಡಿನ ಪುಸ್ತಕವನ್ನು ಗ್ರಂಥಸೂಚಿಗಳಲ್ಲಿ ಹುಡುಕಬಹುದು. ಹ್ಯಾಂಡ್‌ಬಿಲ್ಲಿಗೆ ಅಂತಹ ಸೂಚಿಯಿಲ್ಲ. ಕಾಯ್ದೆಯು ಅದಕ್ಕೆ ಗುರುತು ಕೊಟ್ಟಿತು, ನೆಲೆ ಕೊಡಲಿಲ್ಲ.

3. ಕಾಲನಿರ್ಣಯ

ಹ್ಯಾಂಡ್‌ಬಿಲ್ಲುಗಳನ್ನು ಆಕರವಾಗಿ ಬಳಸಲು ಇರುವ ದೊಡ್ಡ ತೊಡಕು ಇಸವಿಯದು. ನಾಳೆಯ ಆಟಕ್ಕೆ ಇಂದು ಹಂಚುವ ಕಾಗದದಲ್ಲಿ ಇಸವಿ ಅನಾವಶ್ಯಕ. ವಾರ, ತಾರೀಖು, ತಿಂಗಳು ಸಾಕು. ಆದರೆ ಆಂತರಿಕ ಪ್ರಮಾಣಗಳಿಂದ ಇಸವಿಯನ್ನು ಬಹುಮಟ್ಟಿಗೆ ನಿರ್ಧರಿಸಬಹುದು. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಪತ್ರದಲ್ಲಿ ‘ಶನಿವಾರ, ಫೆಬ್ರುವರಿ 14’ ಎಂದಿದೆ. ಶತಮಾನದ ನಡುಭಾಗದಲ್ಲಿ ಈ ಜೋಡಿ ಕೂಡಿಬರುವುದು 1942, 1948, 1953, 1959, 1970ರಲ್ಲಿ. ದರಗಳು ಆಣೆಗಳಲ್ಲಿದ್ದರೆ, ದಶಮಾಂಶ ನಾಣ್ಯಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು ಆದ್ದರಿಂದ, ಕೊನೆಯ ಎರಡು ಇಸವಿಗಳು ಬಹುತೇಕ ಬಿಟ್ಟುಹೋಗುತ್ತವೆ. ‘ಸವಣೂರು ಸಂಸ್ಥಾನ’ ಎಂದಿದ್ದರೆ, ಆ ಸಂಸ್ಥಾನ ವಿಲೀನವಾದದ್ದು 1948ರ ಮಾರ್ಚಿಯಲ್ಲಿ, 1953ನ್ನೂ ಬಿಡಬೇಕು. ಉಳಿದ ಎರಡರಲ್ಲಿ 1942ರ ಆ ದಿನ ಮಾಘ ಬಹುಳದಲ್ಲಿ, 1948ರ ಆ ದಿನ ಮಾಘ ಶುದ್ಧದಲ್ಲಿ ಬರುತ್ತದೆ. ಪತ್ರದ ನೆತ್ತಿಯಲ್ಲಿ ಜಾತ್ರೆಯ ತಿಥಿಯಿದ್ದರೆ ಪ್ರಶ್ನೆ ಬಗೆಹರಿಯಿತು.

ಹೀಗೆಯೇ 1956ರ ಏಕೀಕರಣ, 1972ರಲ್ಲಿ ಬಂದ ಪಿನ್ ಕೋಡ್, 1973ರಲ್ಲಿ ರಾಜ್ಯಕ್ಕೆ ಬಂದ ಕರ್ನಾಟಕ ಎಂಬ ಹೆಸರು, 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆ ಇವು ವಿಳಾಸದ ಸಾಲಿನಲ್ಲಿ ಕಾಲದ ಗುರುತುಗಳಾಗಿ ನಿಲ್ಲುತ್ತವೆ. ಇಲ್ಲಿ ಬಳಸಿದ ಪ್ರಮಾಣಗಳಲ್ಲಿ ಒಂದೂ ನಾಟಕದ ಹೆಸರಿನಿಂದಾಗಲಿ ನಾಯಕನಟನ ಚಿತ್ರದಿಂದಾಗಲಿ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಎಲ್ಲವೂ ನೆತ್ತಿಯ ಮತ್ತು ಕೆಳಗಿನ ಚಿಕ್ಕ ಸಾಲುಗಳಿಂದ ಬಂದವು.

ಹ್ಯಾಂಡ್‌ಬಿಲ್ ಉತ್ಪ್ರೇಕ್ಷೆಯ ಪತ್ರ, ಅದನ್ನು ನಂಬುವುದೆಂತು ಎಂಬ ಆಕ್ಷೇಪ ಸಾಧುವಾದದ್ದೇ. ಅದು ಆಟವನ್ನು ಸಾರಿದ್ದಕ್ಕೆ ಪ್ರಮಾಣ, ಆಟ ನಡೆದದ್ದಕ್ಕೆ ಅಲ್ಲ. ಮಳೆ ಬಂದು ನಿಂತ ಆಟಕ್ಕೂ ಹ್ಯಾಂಡ್‌ಬಿಲ್ ಉಳಿದಿರುತ್ತದೆ. ಜಾತ್ರಾ ಸಮಿತಿಯ ಲೆಕ್ಕಪುಸ್ತಕ, ‘ಸಂಯುಕ್ತ ಕರ್ನಾಟಕ’ದಂತಹ ಪತ್ರಿಕೆಗಳ ಸ್ಥಳೀಯ ವರದಿ, ಹಿರಿಯರ ನೆನಪು ಇವುಗಳೊಡನೆ ಅದನ್ನು ಹೋಲಿಸಿ ನೋಡಬೇಕು. ಆದರೆ ಈ ಹೋಲಿಕೆಗೆ ಊರು ಮತ್ತು ದಿನ ಗೊತ್ತಿರಬೇಕು. ಅವನ್ನು ಕೊಡುವುದು ಹ್ಯಾಂಡ್‌ಬಿಲ್ಲೇ.

4. ಸಂಗ್ರಾಹಕನ ಕಣ್ಣು

ಹವ್ಯಾಸಿ ಸಂಗ್ರಹಗಳ ಬಗ್ಗೆ ಮೊದಲು ಕೃತಜ್ಞತೆಯ ಮಾತು ಸಲ್ಲಬೇಕು. ರದ್ದಿಗೆ ಹೋಗಬೇಕಾಗಿದ್ದ ಎಷ್ಟೋ ಕಾಗದಗಳು ಅವರಿಂದ ಉಳಿದಿವೆ. ಆದರೆ ಸಂಗ್ರಹದ ಪ್ರಚಲಿತ ಮಾನದಂಡ ಕೀರ್ತಿ ಮತ್ತು ಅಪರೂಪ. ಗುಬ್ಬಿ ಕಂಪನಿ, ಬಾಲಗಂಧರ್ವ, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯಸಂಘ ಇವುಗಳ ಪತ್ರಗಳಿಗೆ ಬೇಡಿಕೆ. ಊರ ತರುಣರು ಆಡಿದ ನಾಟಕದ ಪತ್ರಕ್ಕೆ ಬೆಲೆಯಿಲ್ಲ. 1953ರಲ್ಲಿ ಪುಣೆಯಲ್ಲಿ ಆರಂಭವಾದ ಸವಾಯಿ ಗಂಧರ್ವ ಸಂಗೀತೋತ್ಸವದ ಕಾರ್ಯಕ್ರಮ ಪತ್ರವನ್ನು ರಸಿಕರು ಮನೆಯಲ್ಲಿ ಜೋಪಾನ ಮಾಡಿಯಾರು. ಅದೇ ಗಂಧರ್ವರ ಊರಿನ ನೆರೆಹಳ್ಳಿಯ ಭಜನಾ ಮೇಳದ ಪತ್ರವನ್ನು ಯಾರೂ ಎತ್ತಿಡುವುದಿಲ್ಲ. ಕೀರ್ತಿಯ ಮಾನದಂಡದಿಂದ ಕಟ್ಟಿದ ಸಂಗ್ರಹ, ಆತ್ಮಕಥನಗಳು ಈಗಾಗಲೇ ಹೇಳಿದ್ದನ್ನೇ ಮತ್ತೆ ಹೇಳುತ್ತದೆ.

ಎರಡನೆಯ ದೋಷ ಕೈಕೆಲಸದ್ದು. ಚೌಕಟ್ಟಿಗೆ ಹೊಂದಲೆಂದು ಅಂಚು ಕತ್ತರಿಸುವುದು, ಚಿತ್ರವನ್ನಷ್ಟೇ ಉಳಿಸುವುದು, ಪ್ಲಾಸ್ಟಿಕ್ ಹೊದಿಸುವುದು, ಮೊಬೈಲಿನಲ್ಲಿ ಮೇಲಿನ ಅರ್ಧ ಮಾತ್ರ ಬರುವಂತೆ ಫೋಟೊ ತೆಗೆಯುವುದು ಇವೆಲ್ಲ ಮೇಲೆ ಹೇಳಿದ ಪ್ರಮಾಣಗಳನ್ನೇ ನಾಶಮಾಡುತ್ತವೆ. ಹಿಂಬದಿಯನ್ನೂ ಮರೆಯಬಾರದು. ತೆಳು ಬಣ್ಣದ ಕಾಗದದ ಬರಿಯ ಹಿಂಬದಿಯಲ್ಲಿ ಮನೆಯವರು ಬರೆದ ಕಿರಾಣಿ ಲೆಕ್ಕವೋ ಕೂಲಿಯ ಲೆಕ್ಕವೋ ಇದ್ದರೆ ಅದು ಕೊಳೆಯಲ್ಲ. ಆ ಪತ್ರ ಯಾವ ಮನೆಯಲ್ಲಿ, ಏಕೆ ಉಳಿಯಿತು ಎಂಬುದರ ಸಾಕ್ಷಿ.

ಮೂರನೆಯದು ವರ್ಗೀಕರಣದ ದೋಷ. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ 1924ರಲ್ಲಿ ಗೇಬ್ರಿಯಲ್ ಎಂಥೋವನ್ ಎಂಬ ಮಹಿಳೆಯ ನಾಟಕಪತ್ರ ಸಂಗ್ರಹವನ್ನು ಸ್ವೀಕರಿಸಿ ದೊಡ್ಡದೊಂದು ರಂಗಭಂಡಾರಕ್ಕೆ ಅಡಿಪಾಯ ಹಾಕಿತು. ಅಲ್ಲಿ ಪತ್ರಗಳನ್ನು ರಂಗಮಂದಿರಗಳ ಅನುಸಾರ ಜೋಡಿಸುವ ಪದ್ಧತಿ ಬೆಳೆಯಿತು. ಅದು ಅಲ್ಲಿಗೆ ತಕ್ಕದ್ದು. ಅಲ್ಲಿ ಮಂದಿರ ಸ್ಥಿರ, ನಾಟಕ ಬದಲಾಗುತ್ತದೆ. ನಮ್ಮಲ್ಲಿ ಥೇಟರೇ ತಗಡು, ತಟ್ಟಿ, ಕಂಬಗಳ ರೂಪದಲ್ಲಿ ಊರೂರು ತಿರುಗಿತು. ಕಂಪನಿವಾರು ಜೋಡಿಸಿದರೆ ಮಾಲಕರ ಚರಿತ್ರೆ ಸಿಗುತ್ತದೆ, ನಾಟಕವಾರು ಜೋಡಿಸಿದರೆ ಕವಿಗಳ ಚರಿತ್ರೆ ಸಿಗುತ್ತದೆ. ಪ್ರೇಕ್ಷಕರ ಚರಿತ್ರೆ ಬೇಕಾದರೆ ಮೊಕ್ಕಾಮುವಾರು, ಅಂದರೆ ಊರುವಾರು, ಜೋಡಿಸಬೇಕು. ಯಲವಿಗಿ ಎಂಬ ಒಂದೇ ಶೀರ್ಷಿಕೆಯ ಅಡಿಯಲ್ಲಿ ಕಂಪನಿ ನಾಟಕ, ಊರ ಹುಡುಗರ ಸಾಮಾಜಿಕ ನಾಟಕ, ದೊಡ್ಡಾಟ, ಭಜನಾ ಸ್ಪರ್ಧೆ ಇವು ದಿನಾಂಕದ ಕ್ರಮದಲ್ಲಿ ಒಟ್ಟಿಗೆ ಬಂದಾಗ ಮಾತ್ರ ಯಾವುದು ಯಾವುದನ್ನು ಹಿಂದೆ ಸರಿಸಿತು, ಯಾವುದು ಯಾವುದರಿಂದ ಏನು ಪಡೆಯಿತು ಎಂಬುದು ತಿಳಿಯುತ್ತದೆ.

5. ಹೆಸರು ಮತ್ತು ಅನ್ನ

ಮುದ್ರಿತ ಪತ್ರ ಹೆಸರನ್ನು ಕಟ್ಟುತ್ತದೆ. ‘ಗಾಂಧಾರಿ’ ಎಂಬ ಹೆಸರಿನಲ್ಲಿ 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಕಾಣಿಸಿಕೊಂಡ ಗಾಯಕಿ ಮುಂದೆ ಗಂಗೂಬಾಯಿ ಹಾನಗಲ್ಲರಾಗಿ ನಾಡಿಗೆ ಪರಿಚಿತರಾದರು. ಹಾನಗಲ್ಲು, ಮನ್ಸೂರು, ಕುಂದಗೋಳ ಎಂಬ ಊರುಗಳು ಕಾರ್ಯಕ್ರಮ ಪತ್ರಗಳಲ್ಲಿ ವ್ಯಕ್ತಿನಾಮದ ಭಾಗಗಳಾಗಿ ದೇಶವನ್ನೆಲ್ಲ ಸುತ್ತಿದವು. ಇದರ ಇನ್ನೊಂದು ಬದಿ ಹಳ್ಳಿಯ ನಾಟಕದ ನಟಿಯದು. ಊರ ಗಂಡಸರು ಕಲಿತು ಆಡುವ ನಾಟಕಕ್ಕೆ ಸ್ತ್ರೀಪಾತ್ರಗಳಿಗೆಂದು ವೃತ್ತಿನಟಿಯರನ್ನು ಸಂಭಾವನೆ ಕೊಟ್ಟು ಕರೆತರುವುದು ಈ ಭಾಗದ ರೂಢಿ. ಹಂಗಾಮಿನಲ್ಲಿ ಒಂದೂರಿನಿಂದ ಇನ್ನೊಂದೂರಿಗೆ, ಬಸ್ಸಿನಲ್ಲಿ ರೈಲಿನಲ್ಲಿ ಓಡಾಡಿದ ಈ ಕಲಾವಿದೆಯರು ಯಾವ ಕಂಪನಿಯ ಹಾಜರಿ ಪುಸ್ತಕದಲ್ಲೂ ಇಲ್ಲ. ಅವರ ದುಡಿಮೆಯ ದಾಖಲೆ ಪಾತ್ರವರ್ಗದ ಕೊನೆಯಲ್ಲಿ ಅಚ್ಚಾದ ಒಂದು ಹೆಸರು ಮತ್ತು ಊರು.

ಕಷ್ಟಪರಿಸ್ಥಿತಿಯಲ್ಲಿರುವ ವಯಸ್ಸಾದ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮಾಸಾಶನ ನೀಡುತ್ತದೆ. ಅರ್ಜಿದಾರರು ತಮ್ಮ ಕಲಾಸೇವೆಯನ್ನು ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಪ್ರಶಸ್ತಿ, ಸನ್ಮಾನಪತ್ರಗಳಿಲ್ಲದ ನಟಿಗೆ ತೋರಿಸಲು ಇರುವುದು ಪೆಟ್ಟಿಗೆಯ ತಳದಲ್ಲಿ ಮಡಿಚಿಟ್ಟ ಹ್ಯಾಂಡ್‌ಬಿಲ್ಲುಗಳೇ. ಇಂತಹ ಪೆಟ್ಟಿಗೆಯಿಂದ ಸಂಗ್ರಾಹಕನೊಬ್ಬ ಚಂದದ ನಾಲ್ಕು ಪತ್ರಗಳನ್ನು ಅಲ್ಪ ಹಣಕ್ಕೆ ಕೊಂಡರೆ ಅವನ ಕಡತಕ್ಕೆ ನಾಲ್ಕು ಹಾಳೆ ಸೇರುತ್ತವೆ, ಆಕೆಯ ಜೀವಮಾನದ ಸಾಕ್ಷ್ಯದಿಂದ ನಾಲ್ಕು ವರ್ಷಗಳು ಕಳೆಯುತ್ತವೆ. ಸಂಶೋಧಕರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಜಾನಪದ ಕ್ಷೇತ್ರಕಾರ್ಯದಲ್ಲಿ ಹಾಡನ್ನು ಧ್ವನಿಮುದ್ರಿಸಿಕೊಂಡರೆ ಹಾಡು ಹಾಡುಗಾರ್ತಿಯಲ್ಲಿಯೇ ಉಳಿಯುತ್ತದೆ. ಕಾಗದವನ್ನು ಒಯ್ದರೆ ಕಾಗದ ಉಳಿಯುವುದಿಲ್ಲ. ವಸ್ತುಸಂಗ್ರಹಕ್ಕೆ ಹಾಡಿನ ಸಂಗ್ರಹದ ನೀತಿ ಸಾಲದು.

6. ಕೆಲವು ಸೂಚನೆಗಳು

ಮೇಲಿನ ವಿವೇಚನೆಯಿಂದ ಕೆಲವು ಕಾರ್ಯವಿಧಾನಗಳು ಹೊರಡುತ್ತವೆ. ಹ್ಯಾಂಡ್‌ಬಿಲ್ಲಿನ ಎರಡೂ ಬದಿಗಳನ್ನು ಅಂಚುಸಹಿತ ಪೂರ್ತಿಯಾಗಿ ಚಿತ್ರೀಕರಿಸಬೇಕು. ಸೂಚಿಯನ್ನು ಕೆಳಗಿನ ಸಾಲುಗಳಿಂದ ಆರಂಭಿಸಬೇಕು: ಮುದ್ರಣಾಲಯ, ದರ, ಸ್ಥಳ, ತಿಥಿ, ವಾರ, ಆಮೇಲೆ ಪಾತ್ರವರ್ಗದ ಎಲ್ಲ ಹೆಸರುಗಳು, ಕೊನೆಗೆ ನಾಟಕ ಮತ್ತು ಕವಿ. ಪತ್ರ ದೊರೆತ ಮನೆಯನ್ನೂ ಅದು ಉಳಿದ ಬಗೆಯನ್ನೂ, ಮನೆಯವರು ಒಪ್ಪಿದಷ್ಟು ಮಟ್ಟಿಗೆ, ದಾಖಲಿಸಬೇಕು. ಕಲಾವಿದರು ಜೀವಂತರಿರುವಾಗ ಮೂಲಪತ್ರ ಅವರಲ್ಲಿಯೇ ಇರಬೇಕು. ಸಂಸ್ಥೆ ಪ್ರತಿಯನ್ನು ಪಡೆದು, ದೃಢೀಕರಿಸಿದ ಒಂದು ಪಟ್ಟಿಯನ್ನು ಅವರಿಗೆ ಕೊಡಬೇಕು. ಆ ಪಟ್ಟಿಯೇ ಮಾಸಾಶನದ ಅರ್ಜಿಗೆ ಲಗತ್ತಾಗಬಲ್ಲದು.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಈ ಪರಿಸರದ ನಡುವೆಯೇ ಇದೆ. ಅಕಾಡೆಮಿ, ವಿಶ್ವವಿದ್ಯಾಲಯ ಹಾಗೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಕೂಡಿದರೆ ಊರುವಾರು ಸೂಚಿಯ ಕೆಲಸವನ್ನು ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಆರಂಭಿಸುವುದು ಅಸಾಧ್ಯವೇನಲ್ಲ. ಇದು ದೊಡ್ಡ ಅನುದಾನಕ್ಕಿಂತ ಹೆಚ್ಚಾಗಿ ತಾಳ್ಮೆಯನ್ನು ಬೇಡುವ ಕೆಲಸ, ಕಾಲಮಿತಿಯುಳ್ಳ ಕೆಲಸವೂ ಹೌದು. ಕಾಗದದ ಬಣ್ಣ ಮಾಸುವುದಕ್ಕೆ ಇನ್ನಷ್ಟು ವರ್ಷಗಳು ಹಿಡಿಯಬಹುದು. ಪಾತ್ರವರ್ಗದ ಹೆಸರುಗಳನ್ನು ಓದಿ, ಇವರು ಯಾರ ಮನೆಯವರು, ಯಾವ ಪಾತ್ರದಲ್ಲಿ ಎಂತಹ ಹಾಡು ಹಾಡಿದರು ಎಂದು ಹೇಳಬಲ್ಲ ಹಿರಿಯರಿಗೆ ಅಷ್ಟು ವರ್ಷಗಳಿಲ್ಲ.