ತಪ್ಪಿದ ಫೋಕಸ್, ತಪ್ಪದ ಕಣ್ಣು

ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ತೆಗೆದ ಫೋಟೋಗಳನ್ನು ಇಂದಿನ ಯಾವುದಾದರೂ ಛಾಯಾಚಿತ್ರ ಸ್ಪರ್ಧೆಗೆ ಕಳಿಸಿದರೆ ಮೊದಲ ಸುತ್ತಿನಲ್ಲೇ ಹೊರಬೀಳಬಹುದು. ಕಣ್ಣು ಫೋಕಸ್‌ನಲ್ಲಿಲ್ಲ, ಪ್ಲೇಟಿನ ಮೇಲೆ ಗೀರು, ಅಂಚಿನಲ್ಲಿ ರಾಸಾಯನಿಕ ಹರಿದ ಕಲೆ, ಕೆಲವೆಡೆ ಬೆರಳಚ್ಚು. 1860ರ ದಶಕದ ಲಂಡನ್ನಿನ ಕಸುಬುದಾರ ವಿಮರ್ಶಕರೂ ಹೆಚ್ಚುಕಡಿಮೆ ಇದನ್ನೇ ಎತ್ತಿ ಆಡಿದ್ದರು. ಇಂದು ಅದೇ ಚಿತ್ರಗಳು ಆ ನಗರದ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಹೆಮ್ಮೆಯ ಸಂಗ್ರಹ. ಹಾಗೆಂದು ಟೀಕಿಸಿದವರೆಲ್ಲ ಕುರುಡರು, ಆಕೆ ಮುಟ್ಟಿದ್ದೆಲ್ಲ ಚಿನ್ನ ಎನ್ನುವಂತಿಲ್ಲ. ಆಕೆಯ ಸುಮಾರು 900 ಚಿತ್ರಗಳಲ್ಲಿ ಉಸಿರು ಬಿಗಿಹಿಡಿದು ನೋಡುವಂಥವೂ ಇವೆ, ನಗು ತರಿಸುವಂಥವೂ ಇವೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂದು ಹುಡುಕುವುದು ಕ್ಯಾಮೆರಾ ಹಿಡಿದ ಯಾವ ಹವ್ಯಾಸಿಗೂ ದಂಡವಾಗದ ಕೆಲಸ.

ಕ್ಯಾಮರೂನ್ 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವಳು. ಅಲ್ಲೇ ಕಂಪನಿ ಸರ್ಕಾರದ ಕಾನೂನು ಪಂಡಿತ ಚಾರ್ಲ್ಸ್ ಹೇ ಕ್ಯಾಮರೂನ್‌ನ ಕೈಹಿಡಿದು, ಮುಂದೆ ಇಂಗ್ಲೆಂಡಿನಲ್ಲಿ ನೆಲೆಸಿದಳು. ಕ್ಯಾಮೆರಾ ಕೈಗೆ ಬಂದದ್ದು 48ನೇ ವಯಸ್ಸಿನಲ್ಲಿ; ತಾಯಿಗೆ ಒಂಟಿತನದಲ್ಲಿ ಹೊತ್ತು ಹೋಗಲಿ ಎಂದು 1863ರ ಡಿಸೆಂಬರಿನಲ್ಲಿ ಮಗಳು–ಅಳಿಯ ಕೊಟ್ಟ ಉಡುಗೊರೆ ಅದು. ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್‌ನ ಮನೆಯಲ್ಲಿ ಕಲ್ಲಿದ್ದಲು ತುಂಬಿಡುವ ಕೋಣೆಯೇ ಡಾರ್ಕ್‌ರೂಮ್ ಆಯಿತು, ಗಾಜು ಹೊದಿಸಿದ್ದ ಕೋಳಿಮನೆ ಸ್ಟುಡಿಯೊ ಆಯಿತು. ವೆಟ್ ಕೊಲೋಡಿಯನ್ ಕಾಲ ಅದು. ಗಾಜಿನ ಪ್ಲೇಟಿನ ಮೇಲೆ ಕೊಲೋಡಿಯನ್ ಸುರಿದು, ಸಿಲ್ವರ್ ನೈಟ್ರೇಟಿನಲ್ಲಿ ಅದ್ದಿ, ಹಸಿ ಆರುವ ಮೊದಲೇ ಚಿತ್ರ ತೆಗೆದು ಡೆವಲಪ್ ಮಾಡಬೇಕಿತ್ತು. 1864ರ ಜನವರಿಯಲ್ಲಿ ಆನಿ ಫಿಲ್ಪಾಟ್ ಎಂಬ ಹುಡುಗಿಯ ಮುಖ ಪ್ಲೇಟಿನ ಮೇಲೆ ಸರಿಯಾಗಿ ಮೂಡಿದಾಗ ಇದೇ ತನ್ನ ಮೊದಲ ಗೆಲುವು ಎಂದು ಬರೆದಿಟ್ಟಳು. ಆ ವರ್ಷವೇ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯೆಯಾದಳು.

ಮೊದಲು ಸಲಕರಣೆಯ ಮಾತು. ಆಕೆಯ ಮೊದಲ ಲೆನ್ಸ್ ಫ್ರಾನ್ಸಿನ ಜಾಮಾಂ ತಯಾರಿಕೆ. ದೊಡ್ಡ ಬಾಯಿಯ ಆ ಲೆನ್ಸಿನಲ್ಲಿ ಮೂಗಿಗೆ ಫೋಕಸ್ ಇಟ್ಟರೆ ಕಿವಿ ಕರಗಿಹೋಗುತ್ತಿತ್ತು. ಜೊತೆಗೆ ಕೊಲೋಡಿಯನ್ ಗ್ರಹಿಸುವುದು ಮುಖ್ಯವಾಗಿ ನೀಲಿ ಬೆಳಕನ್ನು. ಹೀಗಾಗಿ ನಮ್ಮ ಕಣ್ಣಿಗೆ ನಿಚ್ಚಳವಾಗಿ ಕಂಡದ್ದು ಪ್ಲೇಟಿನ ಮೇಲೆ ಅಷ್ಟೇ ನಿಚ್ಚಳವಾಗಿ ಬರುತ್ತದೆಂಬ ಭರವಸೆ ಇರಲಿಲ್ಲ. ಮೊದಮೊದಲ ಮಸುಕು ಆಕಸ್ಮಿಕವೆಂದು ಆಕೆಯೇ 1874ರಲ್ಲಿ ಬರೆದ ಅಪೂರ್ಣ ಆತ್ಮಕಥನದಲ್ಲಿ ಒಪ್ಪಿಕೊಳ್ಳುತ್ತಾಳೆ. ಆಮೇಲಿನ ಕಥೆ ಬೇರೆ. ಫೋಕಸ್ ಹೊಂದಿಸುತ್ತ ಹೋಗುವಾಗ ಕಣ್ಣಿಗೆ ಸುಂದರವೆನಿಸಿದ ಜಾಗದಲ್ಲೇ ಕೈ ನಿಲ್ಲಿಸುತ್ತಿದ್ದೆ, ಇನ್ನಷ್ಟು ಚುರುಕು ಮಾಡಲು ತಿರುಗಿಸುತ್ತಿರಲಿಲ್ಲ ಎನ್ನುತ್ತಾಳೆ. ಅಲ್ಲಿಂದ ಮಸುಕು ಆಕೆ ಬೇಕೆಂದೇ ಮಾಡಿಕೊಂಡ ಆಯ್ಕೆ.

1866ರಲ್ಲಿ ಕೊಂಡ ಎರಡನೆಯ ಸಲಕರಣೆ ಇನ್ನೂ ಗಮನಾರ್ಹ. ಅದು 30 ಇಂಚು ಫೋಕಲ್ ಲೆಂಗ್ತ್‌ನ ಡಾಲ್‌ಮೇಯರ್ ಲೆನ್ಸ್. ಜೊತೆಗೆ 15x12 ಇಂಚಿನ ಪ್ಲೇಟು ಹಿಡಿಸುವ ಕ್ಯಾಮೆರಾ. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ಎನ್ನುವ ಕಾಲವದು. ಆಕೆಗೆ ಬೇಕಾಗಿದ್ದುದು ಕಾಗದದ ಮೇಲೆ ಜೀವಗಾತ್ರದ ಮುಖ. ಅದಕ್ಕೆ ಪ್ಲೇಟು ದೊಡ್ಡದಾಗದೆ ಬೇರೆ ದಾರಿಯಿರಲಿಲ್ಲ. ಆದರೆ ಆ ಲೆನ್ಸನ್ನು ಮುಖದ ಹತ್ತಿರಕ್ಕೆ ತಂದರೆ ಫೋಕಸ್‌ನ ಆಳ ಇನ್ನಷ್ಟು ತೆಳುವಾಗುತ್ತದೆ, ಎಕ್ಸ್‌ಪೋಷರ್ ನಿಮಿಷಗಟ್ಟಲೆ ಹಿಡಿಯುತ್ತದೆ, ಕೂತವರು ಅಲುಗಾಡುತ್ತಾರೆ. ಸ್ಪಷ್ಟತೆಯ ಲೆಕ್ಕದಲ್ಲಿ ಇದು ನಷ್ಟದ ವ್ಯಾಪಾರ. ಏನು ಕಳೆದುಕೊಳ್ಳುತ್ತೇನೆ, ಏನು ಪಡೆಯುತ್ತೇನೆ ಎಂದು ತಿಳಿದೇ ಆಕೆ ಆ ವ್ಯಾಪಾರಕ್ಕಿಳಿದಳು. ಸಲಕರಣೆಯ ಮೋಹವನ್ನು ಸಾರಾಸಗಟಾಗಿ ಹೀಗಳೆಯುವವರು ಈ ಉದಾಹರಣೆಯನ್ನು ಗಮನಿಸಬೇಕು. ಆ ಲೆನ್ಸ್ ಇಲ್ಲದಿದ್ದರೆ 1867ರಲ್ಲಿ ಆಕೆ ತೆಗೆದ ಮಹಾಮುಖಗಳು ಹುಟ್ಟುತ್ತಲೇ ಇರಲಿಲ್ಲ.

ಲೆನ್ಸಿಗಿಂತ ದೊಡ್ಡ ಕಲಿಕೆ ಬೆಳಕಿನದು. ಅಂದಿನ ವೃತ್ತಿಪರ ಸ್ಟುಡಿಯೊಗಳಲ್ಲಿ ಗಾಜಿನ ಮಾಡಿನಿಂದ ಸಮನಾಗಿ ಬೆಳಕು ಚೆಲ್ಲಿ, ಕಂಬ, ಪರದೆ, ಮೇಜು ಜೋಡಿಸಿ, ಅಲುಗದಂತೆ ತಲೆಯ ಹಿಂದೆ ಕಬ್ಬಿಣದ ಕವೆ ಕೊಟ್ಟು, ಮುಡಿಯಿಂದ ಅಡಿವರೆಗೆ ಇಡೀ ಆಳನ್ನು ಅಂಗೈಯಗಲದ ಕಾರ್ಡಿನಲ್ಲಿ ಇಳಿಸುತ್ತಿದ್ದರು. ಕ್ಯಾಮರೂನ್ ಮಾಡಿದ್ದು ತದ್ವಿರುದ್ಧ. ಪರದೆ ಎಳೆದು ಬೆಳಕಿನ ಬಹುಪಾಲನ್ನು ಮುಚ್ಚಿದಳು, ಉಳಿದದ್ದು ಒಂದು ಬದಿಯಿಂದಲೋ ಮೇಲಿನಿಂದಲೋ ಬೀಳುವಂತೆ ಮಾಡಿದಳು, ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟಳು. 1867ರಲ್ಲಿ ಖಗೋಳವಿಜ್ಞಾನಿ ಜಾನ್ ಹರ್ಷೆಲ್‌ನ ಚಿತ್ರ ತೆಗೆಯುವ ಮುನ್ನ, ಆ ಮುದುಕನ ಬಿಳಿಗೂದಲನ್ನು ತೊಳೆಸಿ ಕೆದರಿಸಿದಳು, ಬೆಳಕು ಅದರಲ್ಲಿ ಸಿಕ್ಕಿಕೊಳ್ಳಲಿ ಎಂದು. ಫೋಟೋವನ್ನು ಕಾಗದದ ಮೇಲೆ ಸ್ಥಿರಗೊಳಿಸುವ ಹೈಪೊವನ್ನು ಜಗತ್ತಿಗೆ ಕೊಟ್ಟವನೇ ಈತ. ಆದರೂ ಚಿತ್ರದಲ್ಲಿ ದೂರದರ್ಶಕವಿಲ್ಲ, ಪುಸ್ತಕವಿಲ್ಲ, ಕುರ್ಚಿಯ ತೋಳು ಕೂಡ ಇಲ್ಲ. ಕತ್ತಲೆಯೊಳಗಿಂದ ತೇಲಿಬಂದ ಹಣೆ, ಕಣ್ಣಾಲಿಗಳು, ಸುಕ್ಕು, ಅಷ್ಟೇ. ಅದೇ ವರ್ಷ ತೆಗೆದ ಸೋದರಿಯ ಮಗಳು ಜೂಲಿಯಾ ಜಾಕ್ಸನ್‌ಳ ಚಿತ್ರದಲ್ಲೂ ಇದೇ ಬಿಗಿ: ಅರ್ಧ ಮುಖ ಬೆಳಕಿನಲ್ಲಿ, ಅರ್ಧ ನೆರಳಿನಲ್ಲಿ, ಕುತ್ತಿಗೆಯ ನರ ಸೆಟೆದು ನಿಂತಿದೆ. ಮುಂದೆ ವರ್ಜೀನಿಯಾ ವುಲ್ಫ್‌ಳ ತಾಯಿಯಾದವಳು ಈಕೆ.

ಇನ್ನು ಸೃಜನಶೀಲತೆ. ಇಲ್ಲೇ ಆಕೆ ಎಡವುವುದು. ಮುಖಚಿತ್ರಗಳಿಗಿಂತ ಮೇಲಿನ ಕಲೆ ಎಂದು ಆಕೆ ಉತ್ಸಾಹದಿಂದ ತೊಡಗಿದ್ದು ಪುರಾಣ, ಬೈಬಲ್, ಕಾವ್ಯಗಳ ದೃಶ್ಯಗಳಲ್ಲಿ. ಮಕ್ಕಳ ಬೆನ್ನಿಗೆ ರೆಕ್ಕೆ ಕಟ್ಟಿ ದೇವದೂತರನ್ನಾಗಿಸಿದಳು. ನೆರೆಮನೆಯ ಕವಿ ಟೆನಿಸನ್‌ನ ಆರ್ಥರ್ ರಾಜನ ಕಾವ್ಯಕ್ಕೆ 1874–75ರಲ್ಲಿ ತೆಗೆದ ಚಿತ್ರಗಳಲ್ಲಂತೂ ಮಸ್ಲಿನ್ ಬಟ್ಟೆಯೇ ನೀರು! ಯಕ್ಷಗಾನದ ರಂಗದಲ್ಲಿ ಒಂದು ಪೀಠವೇ ಸಿಂಹಾಸನವೂ ರಥವೂ ಆಗುತ್ತದೆ; ಭಾಗವತರ ಪದ, ಚೆಂಡೆ, ಕುಣಿತ ಸೇರಿ ನಮ್ಮನ್ನು ಒಪ್ಪಿಸಿಬಿಡುತ್ತವೆ. ಕ್ಯಾಮೆರಾಕ್ಕೆ ಆ ಬಲವಿಲ್ಲ. ಅದು ಮುಖದ ಭಾವವನ್ನೂ ರೆಕ್ಕೆಯ ಕಟ್ಟನ್ನೂ ಒಂದೇ ನಿಷ್ಠೆಯಿಂದ ದಾಖಲಿಸುತ್ತದೆ. ಇಂಥ ವೇಷದ ದೃಶ್ಯಗಳನ್ನು ವಿಕ್ಟೋರಿಯನ್ ಕಾಲದ ಅಭಿರುಚಿ ಎಂದು ಸಮರ್ಥಿಸಬಹುದು. ಆದರೆ ಹರ್ಷೆಲ್ ಚಿತ್ರವೂ ಅದೇ ಕಾಲದ್ದು, ಅದಕ್ಕೆ ಈ ರಿಯಾಯಿತಿ ಬೇಕಾಗಿಲ್ಲ. ಮನೆಗೆಲಸದ ಮೇರಿ ಹಿಲಿಯರ್ ಮೇರಿಮಾತೆಯಾಗಿ ನಿಂತ ಚಿತ್ರಗಳಲ್ಲಿ ಗೆಲ್ಲುವಂಥವು ಕೂಡ ಸೆರಗು ಹಿಂದೆ ಸರಿದು ಆಕೆಯ ಮುಖವೇ ಮುಂದೆ ಬಂದಂಥವು.

ಆಕೆಯ ಕಣ್ಣಿಗೆ ವರ್ಗದ ಮಿತಿಯೂ ಇತ್ತು. ಹೆಸರಾಂತ ಗಂಡಸರಿಗೆ ಅವರವರ ಹೆಸರೇ ಶೀರ್ಷಿಕೆ. ಹೆಂಗಸರು ಹೆಚ್ಚಾಗಿ ಪಾತ್ರಗಳು. 1875ರಲ್ಲಿ ಗಂಡನೊಂದಿಗೆ ಸಿಲೋನಿಗೆ ಹೋಗಿ 1879ರಲ್ಲಿ ಅಲ್ಲೇ ತೀರಿಕೊಳ್ಳುವವರೆಗೆ ಸ್ಥಳೀಯರ, ತೋಟದ ಕೂಲಿಗಳ ಒಂದಷ್ಟು ಚಿತ್ರ ತೆಗೆದಳು. ಅವುಗಳಲ್ಲಿ ಗಾಂಭೀರ್ಯವಿದೆ. ಆದರೆ ಕೂತವರಲ್ಲಿ ಬಹುತೇಕರ ಹೆಸರನ್ನು ಬರೆದಿಡಲಿಲ್ಲ. ಹರ್ಷೆಲ್‌ಗೆ ಸಂದ ಏಕಾಂತದ ಮರ್ಯಾದೆ ಅವರಿಗೆ ಸಲ್ಲಲಿಲ್ಲ.

ಒಟ್ಟು ಲೆಕ್ಕ ಹೀಗಿದೆ: ಬೆಳಕು, ಹಿನ್ನೆಲೆ, ಉಡುಪು, ಸ್ಪಷ್ಟತೆಗಳನ್ನು ಕಳೆಯುತ್ತ ಹೋದಾಗಲೆಲ್ಲ ಕ್ಯಾಮರೂನ್ ಗೆದ್ದಳು, ರೆಕ್ಕೆ, ಕಿರೀಟ, ಕಥೆಗಳನ್ನು ಸೇರಿಸಿದಾಗಲೆಲ್ಲ ಸೋತಳು. ಇಂದು ಆಕೆಯ ಮಸುಕನ್ನು ಮೊಬೈಲಿನ ಪೋರ್ಟ್ರೇಟ್ ಮೋಡ್ ಗಣಿತದಿಂದ ತಂದುಕೊಡುತ್ತದೆ, ಪ್ಲೇಟಿನ ಗೀರುಗಳೂ ಫಿಲ್ಟರ್ ಆಗಿ ಸಿಗುತ್ತವೆ. ಅವನ್ನು ಹಚ್ಚಿಕೊಂಡವರು ಆಕೆಯಿಂದ ಕಲಿತದ್ದು ಏನೂ ಇಲ್ಲ. ಮುಖ ಕಾಗದದ ಮೇಲೆ ಎಷ್ಟು ದೊಡ್ಡದಾಗಿ, ಯಾವ ಬದಿಯ ಬೆಳಕಿನಲ್ಲಿ ಬರಬೇಕೆಂದು ಗೊತ್ತಾದ ಮೇಲೆ ಆಕೆ ಲೆನ್ಸಿನ ಅಂಗಡಿಗೆ ಹೋದಳು. ಹೊಸ ಫ್ಲಾಶ್, ಹೊಸ ಲೆನ್ಸ್ ಕೊಳ್ಳಲು ಹೊರಟವರು, ಈಗಿರುವ ಸಲಕರಣೆಯಿಂದ ತೆಗೆಯಲಾಗದೆ ಬಿಟ್ಟ ಒಂದಾದರೂ ಚಿತ್ರವನ್ನು ಬಾಯಿಬಿಟ್ಟು ವಿವರಿಸಬಲ್ಲರಾದರೆ ಧಾರಾಳವಾಗಿ ಕೊಳ್ಳಲಿ.