ಟಿವಿ ಹಿಂದಿನ ಗೋಡೆ

ಮುಂಬಯಿಯ ನಮ್ಮ ಫ್ಲಾಟಿನಲ್ಲಿ ಮಗ ಟಿವಿ ಹಿಂದಿನ ಗೋಡೆಗೆ ಗೀರುಗೀರಾದ ಟೆಕ್ಸ್ಚರ್ ಪೇಂಟ್ ಹೊಡೆಸಿದ. ನೋಡಲು ಚೆನ್ನ, ಇಲ್ಲವೆನ್ನಲಾರೆ; ಗೀರಿನೊಳಗಿನ ಧೂಳು ಮಾತ್ರ ಬಟ್ಟೆಗೆ ಸಿಗೋದಿಲ್ಲ. ನನ್ನ ತಕರಾರು ಬೇರೆ. ಕಣ್ಣು ಮಂಜಾದ ಅಮ್ಮ ತುಮಕೂರಿನ ಮನೆಯಲ್ಲಿ ಅಂಗಾಲಿನಲ್ಲೇ ಜಾಗ ಗುರುತಿಸುತ್ತಿದ್ದಳು: ಪಡಸಾಲೆಯಲ್ಲಿ ಕರಣೆಯಿಂದ ತಿಕ್ಕಿ ತಿಕ್ಕಿ ನುಣುಪಾಗಿಸಿದ ರೆಡ್ ಆಕ್ಸೈಡ್ ನೆಲ, ಅಡುಗೆಮನೆಯಲ್ಲಿ ತಣ್ಣನೆಯ ಕಡಪ ಕಲ್ಲು, ಬಚ್ಚಲಲ್ಲಿ ಒರಟು ಚಪ್ಪಡಿ. ಇಲ್ಲಿ ಬಾಗಿಲಿಂದ ಬಾಲ್ಕನಿವರೆಗೂ ಒಂದೇ ವಿಟ್ರಿಫೈಡ್ ಟೈಲ್ಸು. ಒರಟಿರಬೇಕಾದ ಬಚ್ಚಲಲ್ಲೂ ಜಾರುವ ನುಣುಪು! ನಮ್ಮ ಡಿಸೈನರು ಟೆಕ್ಸ್ಚರನ್ನೆಲ್ಲ ಕಣ್ಣಿನ ಖಾತೆಗೇ ಜಮಾ ಮಾಡಿದ್ದಾರೆ, ಕಾಲಿಗೆ ಖಾತೆಯನ್ನೇ ತೆರೆದಿಲ್ಲ. ಮೊನ್ನೆ ಬಚ್ಚಲ ಬಾಗಿಲಿಗೆ ತೆಂಗಿನ ನಾರಿನ ಕಾಲೊರಸು ಹಾಕಿದೆ. ಅಮ್ಮ ಕಾಲಿಟ್ಟವಳೇ, "ಹಾಂ, ಬಚ್ಚಲು ಬಂತು" ಅಂದಳು.